ಗೇರ್ ಕೂಲರಿಗೆ ಕಟ್ಟಿದ ರಟ್ಟು

ಮೊನ್ನೆ ಶುಕ್ರವಾರ ನಮ್ಮ ಮನೆಯವರು ಮನೆ ಕ್ಲೀನ್ ಮಾಡಿದರು. "ಅಬ್ಬ, ಪುಣ್ಯ ಮಾಡಿದ್ದೀ ಮಾರಾಯ್ತಿ" ಎಂದು ಹೇಳುವ ಅವಸರ ಬೇಡ, ಪೂರ್ತಿ ಕೇಳಿ. ವರ್ಷಕ್ಕೊಂದು ಸಲ ಅವರಿಗೆ ಈ ಹುಮ್ಮಸ್ಸು ಬರುತ್ತದೆ. ಬಂದಾಗ ಯಾವುದು ಕಸ, ಯಾವುದು ಸಾಮಾನು ಎಂದು ತೀರ್ಮಾನ ಮಾಡುವವರು ಅವರೇ. ಎಂದೋ ಎಸೆದ ಟಿವಿಯ ರಿಮೋಟು, ಯಾವ ಫೋನಿಗೂ ಆಗದ ಚಾರ್ಜರುಗಳು, ಕಂಪೆನಿಯವರು ಕೊಟ್ಟ ಹರಿದ ಜಾಕೆಟು, ಇದೆಲ್ಲ ಸಾಮಾನು. ಬಾಗಿಲ ಹಿಂದೆ ಮೊಳೆಗೆ ನಾನು ನೇತುಹಾಕಿದ್ದ ರಟ್ಟು ಮಾತ್ರ ಕಸ.

ನಿನ್ನೆ ಸಂಜೆ ನೋಡುತ್ತೇನೆ, ಮೊಳೆ ಉಂಟು, ರಟ್ಟು ಇಲ್ಲ.

"ಇಲ್ಲಿದ್ದ ರಟ್ಟು ಎಲ್ಲಿ?"

"ಯಾವ ರಟ್ಟು?"

"ದಾರ ಕಟ್ಟಿದ್ದು. ಬಾಳೆಹಣ್ಣಿನ ಬಾಕ್ಸಿನದ್ದು."

"ಓ ಅದಾ? ಕೆಳಗೆ ಕಸದ ಡ್ರಮ್ಮಿಗೆ ಹಾಕಿದೆ. ಎಂಥ ಧೂಳು ಮಾರಾಯ್ತಿ ಅದರಲ್ಲಿ!"

ನನಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು. ಬಿದ್ದದ್ದಲ್ಲ, ನಾನೇ ಬಿಸಾಡಿದ್ದು. ನಾನು ಕೆಳಗೆ ಓಡುವಷ್ಟರಲ್ಲಿ ಬಿಲ್ಡಿಂಗಿನ ಹಾರಿಸ್ ಡ್ರಮ್ಮು ಖಾಲಿ ಮಾಡಿಯಾಗಿತ್ತು. ಈ ಹಾರಿಸ್, ಅಂದರೆ ನಮ್ಮ ಬಿಲ್ಡಿಂಗ್ ನೋಡಿಕೊಳ್ಳುವವ, ಲಿಫ್ಟ್ ಕೆಟ್ಟರೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಕಸ ಮಾತ್ರ ಇಂಥ ದಿನ ನೋಡಿ ಬೇಗ ತೆಗೆಯುತ್ತಾನೆ.

ಒಂದು ರಟ್ಟಿಗೆ ಇಷ್ಟು ಗಲಾಟೆಯಾ ಎಂದು ನೀವು ಕೇಳಬಹುದು. ಇವರೂ ಅದನ್ನೇ ಕೇಳಿದರು. ಆ ರಟ್ಟು ನಮ್ಮ ಗಾಡಿಯ ಗೇರ್ ಕೂಲರಿಗೆ ಚಳಿಗಾಲದಲ್ಲಿ ಕಟ್ಟುವಂಥದ್ದು. ಕಾರಿನ ವಿಷಯವನ್ನು ಹೆಂಗಸು ಬರೆದರೆ ಯಾರು ಓದುತ್ತಾರೆ ಎಂದೂ ಇವರು ಕೇಳಿಯಾಗಿದೆ. ಓದದಿದ್ದರೆ ಬಿಡಿ. ನಾನಂತೂ ಹೇಳದೆ ಇರುವವಳಲ್ಲ.

ನಮ್ಮದು ಎಂಟು ಸೀಟಿನ ಹಳೆಯ ಆಟೋಮ್ಯಾಟಿಕ್ ಗಾಡಿ. ಕುವೈಟ್ ಬಿಟ್ಟು ಊರಿಗೆ ಹೊರಟ ಕಾರ್ಕಳದವರೊಬ್ಬರಿಂದ ತೆಗೆದುಕೊಂಡದ್ದು. ಒಂದು ಬೇಸಿಗೆಯಲ್ಲಿ ಇಲ್ಲಿಯ ನಮ್ಮ ಊರಿನವರ ಸಂಘದವರನ್ನು ತುಂಬಿಸಿಕೊಂಡು ವಫ್ರಾದ ತೋಟಗಳ ಕಡೆ ಹೋಗುವಾಗ ಅದರ ಗೇರ್‌ಬಾಕ್ಸ್ ಕಾದು ಕೆಂಡವಾಯಿತು. ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆ ಬಿಸಿಲಲ್ಲಿ, ನೆರಳಿಗೆ ಒಂದು ಲೈಟ್ ಕಂಬ ಬಿಟ್ಟರೆ ಬೇರೇನಿಲ್ಲದ ರಸ್ತೆಯಲ್ಲಿ, ನಾವು ಎಂಟು ಜನ ಆ ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಕ್ಯೂ ನಿಂತಿದ್ದೆವು.

ಅದಾದ ವಾರದಲ್ಲೇ ಇವರು ಗ್ಯಾರೇಜಿಗೆ ಹೋಗಿ ಒಂದು ಎಕ್ಸ್‌ಟ್ರಾ ಕೂಲರ್ ಹಾಕಿಸಿದರು. ನೋಡಲಿಕ್ಕೆ ದೋಸೆ ಕಾವಲಿಯಷ್ಟು ಅಗಲ, ರೇಡಿಯೇಟರಿನ ಮರಿಯ ಹಾಗೆ ಉಂಟು. ಗಾಡಿಯ ಮುಂದಿನ ಜಾಲರಿಯ ಹಿಂದೆ ಕೂರುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಅದರ ಸಪೂರ ಕೊಳವೆಗಳಲ್ಲಿ ಸುತ್ತಿ, ಗಾಳಿಗೆ ತಣ್ಣಗಾಗಿ ವಾಪಸ್ ಹೋಗುವುದು. ಮೊದಲು ಆ ಎಣ್ಣೆ ಇಂಜಿನ್ನಿನ ರೇಡಿಯೇಟರ್ ಮೂಲಕವೇ ಹೋಗಿ ಬರುತ್ತಿತ್ತಂತೆ. "ಅದು ಬೇಡ, ಬಿಸಿನೀರಿನ ಸಹವಾಸವೇ ಬೇಡ, ನೇರ ಕೂಲರಿಗೇ ಪೈಪ್ ಕೊಡಿ" ಎಂದು ಪಕ್ಕದಲ್ಲೇ ನಿಂತು ಮಾಡಿಸಿದವರು ಇವರು. ಇದನ್ನು ನೆನಪಿಟ್ಟುಕೊಳ್ಳಿ. ಆ ದಿನ ಅವರು ಎಷ್ಟು ಜನರಿಗೆ ಫೋನ್ ಮಾಡಿದರು ಅಂದರೆ, ನಾನು ಮಗಳನ್ನು ಹೆತ್ತಾಗಲೂ ಅಷ್ಟು ಜನರಿಗೆ ಮಾಡಿರಲಿಲ್ಲ. ನ್ಯಾಯ ಹೇಳಬೇಕು, ಬೇಸಿಗೆಯಲ್ಲಿ ಆ ಕೂಲರಿನಿಂದ ಬಹಳ ಉಪಕಾರವಾಯಿತು. ಆಮೇಲೆ ಗಾಡಿ ಎಲ್ಲೂ ನಿಲ್ಲಲಿಲ್ಲ.

ಆಮೇಲೆ ಬಂತು ಚಳಿಗಾಲ. ಕುವೈಟಿನ ಚಳಿ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನನ್ನ ತಂಗಿ ಪ್ರತಿ ವರ್ಷ ಫೋನಿನಲ್ಲಿ ನಗುತ್ತಾಳೆ: "ಮರುಭೂಮಿಯಲ್ಲಿ ಎಂಥ ಚಳಿ ಅಕ್ಕಾ, ಸುಮ್ಮನೆ ನಾಟಕ ಮಾಡ್ಬೇಡ." ಬಂದು ನೋಡಲಿ ಅವಳು. ಬೇಸಿಗೆಯಲ್ಲಿ ಮೈ ಸುಡುವ ನಲ್ಲಿ ನೀರು, ಟ್ಯಾಂಕಿ ಟೆರೇಸಿನಲ್ಲಿರುವುದರಿಂದ, ಡಿಸೆಂಬರಿನಲ್ಲಿ ಬೆರಳು ಕಚ್ಚುತ್ತದೆ. ನೆಲದ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಮಂಡಿಯ ತನಕ ಜುಂ ಅನ್ನುತ್ತದೆ. ಎಸಿಯ ಸಂದಿಯಿಂದ ಗಾಳಿ ಸುಯ್ ಎಂದು ಬರುತ್ತದೆ.

ನಂಬುವವರು ಒಬ್ಬರೇ, ನನ್ನ ಅಮ್ಮ. ಅವರಿಗೆ ಕುವೈಟಿನ ಚಳಿ ಗೊತ್ತಿದೆ ಎಂದಲ್ಲ, ಅವರ ಪ್ರಕಾರ ಲೋಕದ ಎಲ್ಲ ಕಡೆಯೂ ಶೀತವೇ. ಮಳೆಗೆ ನೆನೆದರೆ ಶೀತ, ಸೌತೆಕಾಯಿ ತಿಂದರೆ ಶೀತ, ತಲೆಗೆ ಮಿಂದು ಫ್ಯಾನ್ ಅಡಿ ಕೂತರೆ ಶೀತ. ಚಿಕ್ಕವರಿದ್ದಾಗ ನಮ್ಮನ್ನು ಮೀಯಿಸಿ, ಬೈರಾಸನ್ನು ತಲೆಗೆ ಎಷ್ಟು ಬಿಗಿಯಾಗಿ ಕಟ್ಟುತ್ತಿದ್ದರು ಅಂದರೆ ಹುಬ್ಬು ಮೇಲೆ ಹೋಗಿ ನಾವು ದಿನವಿಡೀ ಆಶ್ಚರ್ಯಪಟ್ಟವರ ಹಾಗೆ ಕಾಣುತ್ತಿದ್ದೆವು. ಈಗಲೂ ಊರಿನಿಂದ ಯಾರೇ ಬರಲಿ, ಅವರ ಬ್ಯಾಗಿನಲ್ಲಿ ನನಗೊಂದು ಮಂಕಿ ಟೋಪಿ ಇರುತ್ತದೆ. ನನ್ನ ಹತ್ತಿರ ಈಗ ಒಂದು ಅಂಗಡಿ ಹಾಕುವಷ್ಟು ಟೋಪಿ ಉಂಟು.

ಎಲ್ಲಿಂದ ಎಲ್ಲಿಗೋ ಹೋದೆ. ಗಾಡಿಗೆ ಬರುತ್ತೇನೆ.

ಮೈದಾನ್ ಹವಲ್ಲಿಯ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ದಾರಿಯಲ್ಲಿ ಮಗಳು ಶ್ರಾವ್ಯಳನ್ನು ಶಾಲೆಗೆ ಬಿಟ್ಟು, ರುಮೈಥಿಯಾದಲ್ಲಿ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಹೋಗುವುದು ನನ್ನ ದಾರಿ. ಇವರ ಆಫೀಸು ಒಂಬತ್ತಕ್ಕೆ, ಅವರಿಗೆ ಕಂಪೆನಿಯ ಬಸ್ಸು. ಹಾಗಾಗಿ ವಾರವಿಡೀ ಗಾಡಿ ನನ್ನ ಕೈಯಲ್ಲಿ, ಶುಕ್ರವಾರ ಶನಿವಾರ ಅವರ ಕೈಯಲ್ಲಿ. ಲೈಸೆನ್ಸ್ ನನಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಪಾರ್ಕಿಂಗ್ ಟೆಸ್ಟಿನಲ್ಲಿ ಪ್ಲಾಸ್ಟಿಕ್ ಕೋನಿಗೆ ತಾಗಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಕೋನಿಗೇ "ಸಾರಿ" ಹೇಳಿದವಳು ನಾನು. ಪರೀಕ್ಷೆ ಮಾಡುವ ಪೊಲೀಸನಿಗೇ ನಗು ತಡೆಯಲಾಗಲಿಲ್ಲ. ನಗುತ್ತಲೇ ಫೇಲ್ ಮಾಡಿದ.

ಹಾಗೆ ಬಿದ್ದೆದ್ದು ತೆಗೆದುಕೊಂಡ ಲೈಸೆನ್ಸ್. ಮಗಳನ್ನು ಇಳಿಸಿದ ಮೇಲೆ ಕ್ಲಿನಿಕ್ಕಿನ ತನಕ ಇರುವ ಆ ನಾಲ್ಕಾರು ಸಿಗ್ನಲ್ ನನಗೆ ಎಷ್ಟು ಇಷ್ಟ ಎಂದು ಹೇಗೆ ಹೇಳಲಿ! ಇಡೀ ದಿನದಲ್ಲಿ "ಅಮ್ಮಾ", "ಶಶೀ", "ಸಿಸ್ಟರ್" ಎಂದು ಯಾರೂ ಕರೆಯದ ಹೊತ್ತು ಅದೊಂದೇ. ಕಿಟಕಿ ಒಂದಿಷ್ಟು ಇಳಿಸಿಕೊಂಡು ಹಾಡು ಹೇಳಿಕೊಂಡು ಹೋಗುತ್ತಿದ್ದೆ. ಸ್ವರ ಚೆನ್ನಾಗಿಲ್ಲ, ಆದರೆ ಕೇಳುವವರೂ ಇಲ್ಲವಲ್ಲ.

ಕೂಲರ್ ಹಾಕಿಸಿದ ಮೇಲೆ ಬಂದ ಮೊದಲ ಚಳಿಗೆ ಆ ಸುಖ ಹೋಯಿತು. ಮೂರು ಚಳಿಗಾಲದ ಹಿಂದಿನ ಮಾತು ಇದು. ಬೆಳಿಗ್ಗೆ ಗಾಡಿ ಹೊರಡಿಸಿದರೆ ಒಂದನೇ ಗೇರಿನಿಂದ ಎರಡಕ್ಕೆ ಹೋಗಲು ಕೇಳುವುದಿಲ್ಲ. ಇಂಜಿನ್ ಊಂ ಎಂದು ಊಳಿಡುತ್ತದೆ, ಮೀಟರಿನ ಮುಳ್ಳು ಮೇಲೇರುತ್ತದೆ, ಗಾಡಿ ಮಾತ್ರ ಎತ್ತಿನ ಗಾಡಿ. ಆಮೇಲೆ ಇದ್ದಕ್ಕಿದ್ದ ಹಾಗೆ ಧಡ್ ಎಂದು ಹಿಂದಿನಿಂದ ಒದ್ದ ಹಾಗೆ ಗೇರ್ ಬೀಳುತ್ತದೆ. ಹಿಂದಿನವರು ಹಾರ್ನ್ ಹೊಡೆದು ಪ್ರಾಣ ತಿನ್ನುತ್ತಾರೆ. ಪಕ್ಕಕ್ಕೆ ಬಂದು ಕಿಟಕಿಯಿಂದ ಕೈ ತಿರುಗಿಸಿ "ಯಲ್ಲಾ! ಯಲ್ಲಾ!", ಅಂದರೆ ಬೇಗ ಹೋಗು, ಎನ್ನುತ್ತಾರೆ.

ಶ್ರಾವ್ಯ ಸೀಟಿನಲ್ಲಿ ಜಾರಿ ಕೆಳಗೆ ಕೂರುತ್ತಿದ್ದಳು. "ಅಮ್ಮಾ, ವಾಟ್ ಆರ್ ಯು ಡೂಯಿಂಗ್? ಮೈ ಫ್ರೆಂಡ್ಸ್ ಆರ್ ಲುಕಿಂಗ್!"

"ನಾನೆಂತ ಮಾಡಿದ್ದು? ಗಾಡಿ ಮಾಡುದು."

"ಪಪ್ಪಾಗೆ ಹೀಗೆ ಆಗುದಿಲ್ಲ."

ಅವಳು ಕನ್ನಡ ಮಾತಾಡುವುದೇ ಅಪರೂಪ. ಮಾತಾಡಿದಾಗ ಇಂಥದ್ದೇ ಹೇಳುತ್ತಾಳೆ.

ಇವರಿಗೆ ಹೇಳಿದೆ. ಎರಡನೇ ದಿನವೇ ಹೇಳಿದೆ, ಇದನ್ನೂ ನೆನಪಿಟ್ಟುಕೊಳ್ಳಿ. "ಚಳಿಗೆ ಹೀಗಾಗುದು ಅಂತ ಕಾಣ್ತದೆ. ಆ ಕೂಲರಿನಿಂದಲೇ ಇರ್ಬೇಕು" ಎಂದೆ.

ಅವರು ಚಾ ಕುಡಿಯುತ್ತಿದ್ದವರು ನಕ್ಕರು. "ಕೂಲರ್ ಹಾಕಿದ್ದು ಗಾಡಿ ಒಳ್ಳೇದಾಗ್ಲಿಕ್ಕೆ. ಹಾಳಾಗ್ಲಿಕ್ಕಾ? ತಣ್ಣಗೆ ಇದ್ದಷ್ಟು ಗೇರ್‌ಬಾಕ್ಸ್ ಖುಷಿಯಲ್ಲಿರ್ತದೆ. ನಿನ್ನ ಕಾಲು ಭಾರ ಶಶೀ. ಎಕ್ಸಲೇಟರನ್ನು ಅಡಿಕೆ ಮೆಟ್ಟಿದ ಹಾಗೆ ಮೆಟ್ಟಬಾರದು."

ಶುಕ್ರವಾರ ಅವರು ಓಡಿಸಿದರು. ಬೆಣ್ಣೆ! ಗೇರ್ ಬಿದ್ದದ್ದೂ ಗೊತ್ತಾಗಲಿಲ್ಲ, ಎದ್ದದ್ದೂ ಗೊತ್ತಾಗಲಿಲ್ಲ. ಸ್ಟೇರಿಂಗಿನ ಮೇಲೆ ಎರಡು ಬೆರಳಿಟ್ಟುಕೊಂಡು ನನ್ನ ಕಡೆ ನೋಡಿದರು. ಆ ನೋಟಕ್ಕೆ ಬಾಗಿಲು ತೆರೆದು ರಿಂಗ್ ರೋಡಿಗೇ ಹಾರೋಣ ಅನ್ನಿಸಿತು.

ನಾವು ಹೋಗುತ್ತಿದ್ದದ್ದು ಸಂಘದ ಪಿಕ್‌ನಿಕ್ಕಿಗೆ. ಚಳಿಗಾಲ ಬಂದರೆ ಇಲ್ಲಿಯವರು ಮರಳಿನಲ್ಲಿ ಡೇರೆ ಹಾಕುತ್ತಾರೆ, ನಾವು ತೋಟ ಬಾಡಿಗೆ ಹಿಡಿದು ಕೋರಿ ರೊಟ್ಟಿ ತಿನ್ನುತ್ತೇವೆ. ಮಕ್ಕಳಿಗೆ ಚಮಚ ಲಿಂಬೆ ಓಟ, ಹೆಂಗಸರಿಗೆ ಮ್ಯೂಸಿಕಲ್ ಚೇರ್, ಗಂಡಸರಿಗೆ ಭಾಷಣ. ಆ ಸಲ ಭಾಷಣದ ವಿಷಯ ನನ್ನ ಕಾಲು. ಇವರು ಬಾನೆಟ್ ಎತ್ತಿ ಕೂಲರ್ ತೋರಿಸುತ್ತಾ ಹೇಳಿದ್ದೇ ತಡ, ತಟ್ಟೆ ಹಿಡಿದುಕೊಂಡೇ ಎಲ್ಲರೂ ಸುತ್ತ ಸೇರಿದರು. ನಾನು ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ.

"ಶಶಿಯಕ್ಕ ಎರಡು ಕಾಲಲ್ಲಿ ಓಡಿಸ್ತಾರೋ ಏನೋ," ಎಂದರು ಸಂಘದ ಕಾರ್ಯದರ್ಶಿ ದಿನಕರಣ್ಣ. "ಒಂದು ಬ್ರೇಕಿಗೆ, ಒಂದು ಎಕ್ಸಲೇಟರಿಗೆ."

"ಹೆಂಗಸರು ಸೀಟನ್ನು ತುಂಬ ಮುಂದೆ ಎಳೀತಾರೆ," ಎಂದರು ಉಳ್ಳಾಲದ ಹಮೀದ್ ಭಾಯಿ. ರಿಗ್ಗೈಯಲ್ಲಿ ಬಕಾಲ, ಅಂದರೆ ದಿನಸಿ ಅಂಗಡಿ, ಅವರದ್ದು. "ಕಾಲು ಮಡಚಿ ಪೂರಾ ಭಾರ ಎಕ್ಸಲೇಟರಿಗೇ ಬೀಳ್ತದೆ."

"ನನ್ನ ಸೀಟು ಎಲ್ಲಿರ್ತದೆ ಅಂತ ನಿಮಗೆ ಹೇಗೆ ಗೊತ್ತು ಹಮೀದ್ ಭಾಯಿ?" ಎಂದು ಕೇಳಿದೆ. ಯಾರೋ ಇನ್ನೊಂದು ಸೌಟು ಸಾರು ಕೇಳಿದರು.

ಕೊನೆಗೆ ಇವರು ಎಲ್ಲರ ಎದುರಲ್ಲೇ ತೀರ್ಪು ಕೊಟ್ಟರು. "ಒಂದು ವಾರ ನೋಡುವ. ಸರಿ ಆಗದಿದ್ರೆ ಕೀ ನನ್ನ ಹತ್ರ ಇರ್ಲಿ, ನೀನು ಬಸ್ಸಲ್ಲಿ ಹೋಗು ಶಶೀ. ಗೇರ್‌ಬಾಕ್ಸ್ ಹೋದ್ರೆ ಗಾಡಿ ಖಲಾಸ್."

ಎಲ್ಲರೂ ತಲೆಯಾಡಿಸಿದರು. ನ್ಯಾಯವಾದ ಮಾತು ಎನ್ನುವ ಹಾಗೆ. ಹಿಂದಿನಿಂದ ಒಂದು ಕಿಸಕ್ಕೆಂಬ ನಗು ಕೇಳಿತು, ತಿರುಗಿ ನೋಡಿದರೆ ಶ್ರಾವ್ಯ. ಗಂಡಸರು ನಕ್ಕದ್ದು ನನಗೆ ಕೋಪ ಬರಿಸಿತು ಅಷ್ಟೆ. ಇವಳು ನಕ್ಕದ್ದಕ್ಕೆ ಹೆದರಿಕೆಯೇ ಆಯಿತು. ನಾಳೆ ಇವಳೂ ಸ್ಟೇರಿಂಗ್ ಹಿಡಿಯಬೇಕಾದವಳು. ಅಮ್ಮನಿಗೆ ಬರುವುದಿಲ್ಲ ಎಂದು ಈಗಲೇ ಕಲಿತರೆ, ತನಗೂ ಬರುವುದಿಲ್ಲ ಎಂದು ಕಲಿಯಲು ಎಷ್ಟು ಹೊತ್ತು?

ಮರುದಿನ ಶನಿವಾರ, ರಜೆ. ನೀರು ದೋಸೆಗೆ ಕೂತೆ. ಮೊದಲ ದೋಸೆ ಕಾವಲಿಗೆ ಅಂಟಿಕೊಂಡು ಕುಳಿತಿತು. ಕೆರೆದು ತೆಗೆದೆ, ಮುದ್ದೆಯಾಯಿತು. ಎರಡನೆಯದು ಅರ್ಧ ಬಂತು. ಹಾಲ್‌ನಿಂದ ಇವರ ಸ್ವರ: "ಆಯ್ತಾ?" ಮೂರನೆಯದು ಕಾಗದದ ಹಾಗೆ ಎದ್ದಿತು. ಕರೆದೆ, ಬಂದರು, ಕೂತರು, ತಿಂದರು. ಆ ಮುದ್ದೆಗಳನ್ನು ನಾನು ಒಲೆಯ ಪಕ್ಕ ನಿಂತೇ ಬಾಯಿಗೆ ಹಾಕಿಕೊಂಡೆ.

ಹಾಕಿಕೊಳ್ಳುವಾಗ ಅಮ್ಮನ ನೆನಪು ಬಂತು. ಮೂಲ್ಕಿಯ ಬಾಡಿಗೆ ಮನೆಯಲ್ಲಿ ಅಮ್ಮನದ್ದು ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ. ಬದನೆಕಾಯಿಯ ತೊಟ್ಟನ್ನು ಎಣ್ಣೆಗೆ ಅದ್ದಿ ಉಜ್ಜುತ್ತಿದ್ದರು. ಅಪ್ಪನಿಗೆ ರೈಸ್ ಮಿಲ್ಲಿಗೆ ಹೋಗುವ ಗಡಿಬಿಡಿ. ಮೊದಲ ದೋಸೆ ಹಿಡಿದಾಗಲೆಲ್ಲ ಅಪ್ಪ ಮಣೆಯ ಮೇಲೆ ಕೂತು ಹೇಳುವ ಮಾತು ಒಂದೇ: "ಇಷ್ಟು ವರ್ಷ ಆಯ್ತು, ಇನ್ನೂ ಇವಳಿಗೆ ದೋಸೆಗೆ ಕೈ ಕೂಡಿ ಬರ್ಲಿಲ್ಲ." ನೆಂಟರಿದ್ದರೆ ಸ್ವಲ್ಪ ಜೋರಾಗಿ ಹೇಳುತ್ತಿದ್ದರು. ಕೆಲವು ಆದಿತ್ಯವಾರ ಅವರಿಗೆ ಉಮೇದು ಬಂದು, ಅಮ್ಮ ಏಳೆಂಟು ದೋಸೆ ಹೊಯ್ದಾದ ಮೇಲೆ ಲುಂಗಿ ಎತ್ತಿ ಕಟ್ಟಿ ಒಲೆಯ ಮುಂದೆ ಬರುತ್ತಿದ್ದರು. "ಅತ್ಲಾಗಿ ಸರಿ ನೋಡುವ" ಎಂದು ಒಂದು ದೋಸೆ ಹೊಯ್ಯುತ್ತಿದ್ದರು. ಅದು ಚಂದಕ್ಕೆ ಎದ್ದು ಬರುತ್ತಿತ್ತು. "ನೋಡಿದ್ರಾ ಮಕ್ಕಳೇ? ಇಷ್ಟೇ!" ಎನ್ನುತ್ತಿದ್ದರು. ನಾವು ಮೂವರೂ ಚಪ್ಪಾಳೆ ತಟ್ಟುತ್ತಿದ್ದೆವು. ಅಮ್ಮ ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಮೊದಲಿನ ಮುದ್ದೆಯನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದರು.

ನಾನು ಒಲೆಯ ಮುಂದೆ ಸಟ್ಟುಗ ಹಿಡಿದು ಹಾಗೇ ನಿಂತುಬಿಟ್ಟೆ.

ಅಪ್ಪ ಹೊಯ್ಯುತ್ತಿದ್ದದ್ದು ಕಾದ ಕಾವಲಿಗೆ! ಅಮ್ಮ ಹೊಯ್ದು ಹೊಯ್ದು ಹದ ಮಾಡಿಟ್ಟ ಕಾವಲಿಗೆ! ಅದರಲ್ಲಿ ಯಾವ ಕೈಯೂ ಕೂಡಿ ಬರುತ್ತದೆ. ಇವರು ಗಾಡಿ ಓಡಿಸುವುದು ಯಾವಾಗ? ಶುಕ್ರವಾರ ಹನ್ನೊಂದರ ಮೇಲೆ, ಬಿಸಿಲು ಏರಿ ಬಾನೆಟ್ ಬೆಚ್ಚಗಾದ ಮೇಲೆ, ನೇರ ರಿಂಗ್ ರೋಡಿಗೆ, ಉದ್ದದ ದಾರಿಗೆ. ನಾನು ಓಡಿಸುವುದು ಇಡೀ ರಾತ್ರಿ ಚಳಿಯಲ್ಲಿ ನಿಂತ ಗಾಡಿಯನ್ನು, ಮುಂಜಾನೆ, ಸಿಗ್ನಲುಗಳ ಸಣ್ಣ ದಾರಿಗೆ. ಎಣ್ಣೆ ಬೆಚ್ಚಗಾಗಬೇಕು ಎನ್ನುವಷ್ಟರಲ್ಲಿ ಶಾಲೆ ಬಂತು, ಕ್ಲಿನಿಕ್ ಬಂತು. ಅದರ ಮೇಲೆ ಈ ಕೂಲರ್ ಬೇರೆ. ಇನ್ನೂ ಕಾಯದ ಕಾವಲಿಗೆ ಫ್ಯಾನ್ ಹಿಡಿದ ಹಾಗೆ. ದಪ್ಪಗಾದ ತಣ್ಣನೆ ಎಣ್ಣೆಯಲ್ಲಿ ಗೇರ್ ಹೇಗೆ ಬಿದ್ದೀತು? ಬೆಚ್ಚಗೆ ಮಾಡಿಕೊಡುತ್ತಿದ್ದ ಆ ರೇಡಿಯೇಟರಿನ ದಾರಿಯನ್ನೂ ಇವರು ನಿಂತು ಮುಚ್ಚಿಸಿದ್ದಾರೆ. ಮಾಡಿದ್ದೆಲ್ಲ ಇವರು, ಭಾರ ನನ್ನ ಕಾಲು!

ದೋಸೆ ಕರಟಿತು. "ಎಂತ ವಾಸನೆ?" ಎಂದರು ಹಾಲ್‌ನಿಂದ. ನಾನು ಒಲೆ ಆರಿಸಿದೆ.

ಆದಿತ್ಯವಾರ ಶ್ರಾವ್ಯಳನ್ನು ಬೇಗ ಎಬ್ಬಿಸಿ, ಶಾಲೆಯ ದಾರಿ ಬಿಟ್ಟು ದೂರದ ರಿಗ್ಗೈ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಅವಳು ಹಿಂದೆ ಗೊಣಗುತ್ತಲೇ ಇದ್ದಳು. ಹೋಗುವಾಗ ಅದೇ ಊಳು, ಅದೇ ಒದೆ. ಬರುವಾಗ ಗೇರ್ ಹಂಸದ ಹಾಗೆ. ಕಾಲು ಅದೇ, ಸೀಟು ಅದೇ, ಹೆಂಗಸು ಅದೇ! ಕ್ಲಿನಿಕ್ಕಿನ ಪಕ್ಕದ ಅಂಗಡಿಯಿಂದ ಬಾಳೆಹಣ್ಣಿನ ಒಂದು ಖಾಲಿ ಬಾಕ್ಸ್ ಕೇಳಿ ತಂದೆ. ಊಟದ ಬಿಡುವಿನಲ್ಲಿ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಿ, ಆ ಸಣ್ಣ ಕೂಲರಿನ ಅಳತೆಗೇ ರಟ್ಟು ಕತ್ತರಿಸಿ, ಅದರ ಮುಖಕ್ಕೆ ಬಟ್ಟೆ ಒಣಗಿಸುವ ನೈಲಾನ್ ದಾರದಲ್ಲಿ ಬಿಗಿದು ಕಟ್ಟಿದೆ. ಕೂಲರಿಗೆ ಮಾತ್ರ. ಹಿಂದಿನ ದೊಡ್ಡ ರೇಡಿಯೇಟರಿಗೆ ಗಾಳಿ ಹೋಗಬೇಕು, ಅದನ್ನು ಮುಚ್ಚಿದರೆ ಇಂಜಿನ್ನೇ ಸುಡುತ್ತದೆ, ಅಷ್ಟು ನನಗೂ ಗೊತ್ತುಂಟು. ಕಟ್ಟುವಾಗ ಅಮ್ಮ ನಮ್ಮ ತಲೆಗೆ ಬೈರಾಸು ಬಿಗಿಯುತ್ತಿದ್ದ ಹಾಗೆಯೇ ಬಿಗಿದೆ. ಡಾಕ್ಟರ್ ಕಿಟಕಿಯಿಂದ ನೋಡಿ ಪರದೆ ಎಳೆದರು.

ಸೋಮವಾರ ಬೆಳಿಗ್ಗೆ ಮೊದಲ ಸಿಗ್ನಲಿನಲ್ಲಿ ಗಾಡಿ ಸ್ವಲ್ಪ ಮುಖ ಸಿಂಡರಿಸಿತು. ಎರಡನೆಯ ಸಿಗ್ನಲ್ ದಾಟುವಾಗ ಮೆತ್ತಗೆ ಎರಡನೇ ಗೇರ್, ಮೆತ್ತಗೆ ಮೂರು. ಮಗಳನ್ನು ಇಳಿಸಿದ ಮೇಲೆ ಹಾಡು ಹೇಳಲು ಹೊರಟೆ, ಬಾಯಿಗೆ ಬಂದದ್ದು ಬೈಗುಳ. ಕ್ಲಿನಿಕ್ಕಿನ ತನಕ ತುಳುವಿನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಬೈದೆ. ದಿನಕರಣ್ಣನಿಗೆ ಒಂದು ಇಡೀ ಸಿಗ್ನಲ್ ಬೇಕಾಯಿತು.

ಗುರುವಾರ ಸಂಜೆ ಇವರು ಪಕ್ಕದ ಸೀಟಿನಲ್ಲಿ ಕೂತು ಪರೀಕ್ಷೆ ಮಾಡಿದರು. ಗೇರ್ ಒಂದೂ ಒದೆಯಲಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ನೋಡಿದ್ಯಾ? ಕಾಲು ಹಗುರ ಮಾಡು ಅಂತ ಹೇಳಿದ್ದು ಈಗ ತಲೆಗೆ ಹೋಯ್ತಲ್ಲ" ಎಂದರು. ಎಂದು ಸುಮ್ಮನಿದ್ದರೆ ಬೇರೆ. ಅಲ್ಲೇ ದಿನಕರಣ್ಣನಿಗೆ ಫೋನ್ ಹಚ್ಚಿ, "ಶಶಿ ಈಗ ಪರ್ವಾಗಿಲ್ಲ ಮಾರಾಯಾ, ನಾನು ಸ್ವಲ್ಪ ಟ್ರೈನ್ ಮಾಡಿದೆ" ಎಂದರು.

ಟ್ರೈನ್ ಮಾಡಿದರಂತೆ! ತೆರೆದ ಬಾಯಿ ಮುಚ್ಚಿದೆ. ಮನೆಗೆ ಬಂದು, ತಂಗಿಯ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ತುಳುವಿನಲ್ಲೇ ಮಾತಾಡಿದ್ದು, ನಾನು ಕನ್ನಡದಲ್ಲಿ ಹೇಳುತ್ತೇನೆ.

"ಅಮ್ಮಾ, ಮೊದಲ ದೋಸೆ ಯಾಕೆ ಹಿಡೀತಿತ್ತು ಗೊತ್ತುಂಟಾ? ಕಾವಲಿ ಕಾದಿರ್ತಿರ್ಲಿಲ್ಲ, ಅಷ್ಟೆ. ಅಪ್ಪ ಬರುವಾಗ ಕಾದಿರ್ತಿತ್ತು."

"ಅದು ನನಗೆ ಗೊತ್ತಿಲ್ವಾ ಮಗಾ? ದೋಸೆ ಹೊಯ್ಯುವವಳಿಗೆ ಕಾವಲಿ ಗೊತ್ತಿರುದಿಲ್ವಾ?"

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ದೆ, ಮದುವೆ ಆದ ಹೊಸತರಲ್ಲಿ. ನಿನ್ನ ಅಪ್ಪ ನಕ್ಕರು. ಆಮೇಲೆ ಬಿಟ್ಟೆ." ಆ ಕೂಡಲೇ ಕೇಳಿದರು: "ತಲೆಗೆ ಕಟ್ಟಿದ್ದೀಯಾ? ಅಲ್ಲಿ ಶೀತ ಅಂತ ಹೇಳಿದ್ದಿ."

ಫೋನ್ ಇಟ್ಟು ಅತ್ತೆ. ಕೋಪಕ್ಕೇ ಅತ್ತದ್ದು. ಇಡೀ ಜನ್ಮ ಆ ಮುದ್ದೆ ತಿಂದು, ಮೇಲಿಂದ ಮಾತು ಬೇರೆ ತಿಂದರಲ್ಲ ಈ ಹೆಂಗಸು! ಶನಿವಾರ ಸಂಜೆ ಕೆಳಗೆ ಹೋಗಿ ರಟ್ಟು ಬಿಚ್ಚಿ ತಂದೆ. "ನಾಳೆ ನನಗೆ ರಜೆ. ಮಗಳನ್ನು ನೀವೇ ಶಾಲೆಗೆ ಬಿಡಿ" ಎಂದೆ.

"ಅದಕ್ಕೇನು," ಎಂದರು.

ಮರುದಿನ ವಾಪಸ್ ಬಂದವರು ಚಾ ಕುಡಿಯದೆ ಕಂಪೆನಿಯ ಬಸ್ಸು ಹತ್ತಿದರು. ರಾತ್ರಿ ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದರು: "ಗಾಡಿಯಲ್ಲಿ ಎಂತದೋ ಪ್ರಾಬ್ಲಮ್ ಉಂಟು. ಗ್ಯಾರೇಜಿಗೆ ಕೊಡ್ಬೇಕು."

ನೋಡಿ ಈ ನ್ಯಾಯ! ನಾನು ಓಡಿಸಿದರೆ ಕಾಲಿನ ಪ್ರಾಬ್ಲಮ್, ಅವರು ಓಡಿಸಿದರೆ ಗಾಡಿಯ ಪ್ರಾಬ್ಲಮ್. ನಾನು ಬಾಯಿ ತೆರೆಯುವ ಮೊದಲೇ ಶ್ರಾವ್ಯ, ಫೋನಿನಿಂದ ತಲೆ ಎತ್ತದೆ, "ನೋ ಪಪ್ಪಾ. ಇಟ್ಸ್ ಯುವರ್ ಫುಟ್" ಎಂದಳು.

ಆಹಾ! ಆ ಹುಡುಗಿಗೆ ನಾನು ಎರಡು ತುಂಡು ಮೀನು ಹೆಚ್ಚು ಬಡಿಸಿದೆ. ರಟ್ಟು ತಂದು ಮೇಜಿನ ಮೇಲಿಟ್ಟು ಕತೆಯನ್ನೆಲ್ಲ ಹೇಳಿದೆ. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?" ಎಂದು ಕೇಳಿದರು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದಕ್ಕೇ. ಕೀ ನನ್ನ ಹತ್ತಿರವೇ ಉಳಿಯಿತು. ಮುಂದಿನ ಸಭೆಯಲ್ಲಿ ದಿನಕರಣ್ಣನಿಗೆ ಇವರು ಹೇಳಿದ್ದು, "ನಾವೊಂದು ಐಡಿಯಾ ಮಾಡಿದ್ದೇವೆ" ಎಂದು. ನಾವು!

ಹೋಗಲಿ ಎಂದು ಬಿಟ್ಟೆ. ಅಂದಿನಿಂದ ಚಳಿ ಶುರುವಾದ ಕೂಡಲೇ ರಟ್ಟು ಕಟ್ಟುವವಳೂ ನಾನೇ, ಬಿಸಿಲು ಏರುವ ಮೊದಲು ನೆನಪಿಟ್ಟು ಬಿಚ್ಚುವವಳೂ ನಾನೇ. ಬಿಚ್ಚಲು ಮರೆತರೆ ಗೇರ್‌ಬಾಕ್ಸ್ ಬೇಯುತ್ತದೆ. ಬೇಸಿಗೆಯಲ್ಲಿ ಅದು ಬಾಗಿಲ ಹಿಂದೆ ಮೊಳೆಯಲ್ಲಿರುತ್ತದೆ. ಆ ಮೊಳೆಯನ್ನು ಇವರು ದಿನಕ್ಕೆ ಹತ್ತು ಸಲ ನೋಡುತ್ತಾರೆ. ನೋಡಿಯೂ, ಎಲ್ಲ ಗೊತ್ತಿದ್ದೂ, ಮೊನ್ನೆ ಅದನ್ನು ಕಸಕ್ಕೆ ಹಾಕಿದರು. ನನಗೆ ಉರಿಯದೆ ಏನು?

ಇವತ್ತು ಆದಿತ್ಯವಾರ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜು ಬೆವರಿತ್ತು. ಕಾವಲಿ ಇಟ್ಟೆ. ಮೊದಲ ದೋಸೆ ಹಿಡಿಯಿತು. ಕೆರೆದು ಮುದ್ದೆ ಮಾಡಿ, ತಟ್ಟೆಗೆ ಹಾಕಿ, ಹಾಲ್‌ಗೆ ಒಯ್ದು ಇವರ ಎದುರಿಗಿಟ್ಟೆ. ತಟ್ಟೆಯ ಪಕ್ಕ ಗಾಡಿಯ ಕೀ ಇಟ್ಟೆ.

"ಇದೆಂತ? ಚಿಂದಿ ಆಗಿದೆ."

"ಕಾವಲಿ ಕಾಯ್ಲಿಲ್ಲ."

"ಕಾಯ್ಲಿ ಹಾಗಾದ್ರೆ. ಆಮೇಲೆ ತಿಂತೇನೆ."

"ಆಮೇಲಿನದ್ದು ನಿಮಗಿಲ್ಲ. ಇವತ್ತು ಮೊದಲಿನದ್ದು ನಿಮಗೆ. ತಿಂದು ಕೆಳಗೆ ಹೋಗಿ ಗಾಡಿ ತೆಗೀರಿ. ರಿಂಗ್ ರೋಡಿಗೆ ಒಂದು ದೊಡ್ಡ ಸುತ್ತು ಹೋಗಿ, ಗೇರ್ ಮೆತ್ತಗಾದ ಮೇಲೆ ತಂದು ನಿಲ್ಸಿ. ಆಮೇಲೆ ನಾನು ಓಡಿಸ್ತೇನೆ. ಇನ್ನೊಂದು ರಟ್ಟು ನೀವು ಕತ್ತರಿಸಿ ಕಟ್ಟುವ ತನಕ ದಿನಾ ಹೀಗೇ."

ಅವರು ಶ್ರಾವ್ಯಳ ಕಡೆ ನೋಡಿದರು. ಅವಳು ಈಗ ಹನ್ನೆರಡನೇ ಕ್ಲಾಸು, ಅಪ್ಪನಷ್ಟೇ ಎತ್ತರ. ಎದ್ದು ಹೋಗಿ, ನನ್ನ ಅಮ್ಮ ಕಳಿಸಿದ ಮಂಕಿ ಟೋಪಿಗಳಲ್ಲಿ ಒಂದನ್ನು ತಂದು ಅಪ್ಪನ ಕೈಗೆ ಕೊಟ್ಟಳು. "ಚಳಿ ಉಂಟು ಪಪ್ಪಾ," ಎಂದಳು. ಕನ್ನಡದಲ್ಲಿ.

ಇವರು ಮುದ್ದೆ ತಿಂದು, ಟೋಪಿ ಹಾಕಿಕೊಂಡು ಇಳಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇಂಜಿನ್ ಊಳಿಡುವುದು ಕೇಳಿತು, ಆಮೇಲೆ ಧಡ್ ಎಂಬ ಒದೆ. ಎರಡನೇ ದೋಸೆ ಅರ್ಧ ಬಂತು. ಮೂರನೆಯದು ಅಂಚು ಬಿಟ್ಟು ತಾನಾಗಿ ಎದ್ದಿತು. ಕುರ್ಚಿ ಎಳೆದು ಕೂತು, ಬಿಸಿ ಬಿಸಿ ತಿಂದೆ. ಅಮ್ಮನಿಗೆ ಇದು ಒಂದು ದಿನವೂ ಸಿಗಲಿಲ್ಲ ಎಂದು ನೆನಪಾಯಿತು, ಆದರೂ ತಿಂದೆ. ಶ್ರಾವ್ಯಳಿಗೂ ಒಂದು ಹಾಕಿದೆ.

ಕೆಳಗೆ ಗಾಡಿ ಬಂದು ನಿಂತು ಹಾರ್ನ್ ಹೊಡೆಯಿತು. ಒಂದು ಸಲ, ಮತ್ತೊಂದು ಸಲ. ಹೊಡೆಯಲಿ ಎಂದು ನಾನು ಇನ್ನೊಂದು ದೋಸೆ ಹೊಯ್ದೆ.